ಕತ್ತೆಯ ಕತೆಯ ಮಂಗಲ

…ಅಥವಾ ಆ ಹುಡುಗಿ ಕಿಟಕಿ ಪಕ್ಕದ ಹಾಸಿಗೆಯಲ್ಲಿ ಇರಲೇ ಇಲ್ಲವೇನೋ. ನೆನಪು ಆಕೆಗೆ ಒಂದು ಕಿಟಕಿ ಕೊಟ್ಟಿದೆ, ಅದರಾಚೆ ಸಿಮೆಂಟ್ ಕಾರ್ಖಾನೆಯ ಹೊಗೆಯನ್ನೂ ಇಟ್ಟಿದೆ. ಆದರೆ ಸೇಡಂನ ಆ ಮಕ್ಕಳ ಆಸ್ಪತ್ರೆಯ ವಾರ್ಡಿನಲ್ಲಿ ಕಿಟಕಿಗಳು ಆಳೆತ್ತರಕ್ಕಿಂತ ಮೇಲಿದ್ದವು. ಮಲಗಿದವರಿಗೆ ಬರಿ ಬೆಳಕು ಕಾಣುತ್ತಿತ್ತು. ಹಾಗಾಗಿ ಕಿಟಕಿಯನ್ನು ತೆಗೆಯುತ್ತೇನೆ. ಉಳಿದದ್ದರಲ್ಲಿ ಇನ್ನೆಷ್ಟು ತೆಗೆಯಬೇಕೋ ತಿಳಿಯದು.

ಪುಸ್ತಕದ ಗಾಡಿಯ ಬಗ್ಗೆ ಮಾತ್ರ ಅನುಮಾನವಿಲ್ಲ. ಮೊದಲು ಊಟ ಹಂಚುತ್ತಿದ್ದ ಸ್ಟೀಲಿನ ಗಾಡಿ ಅದು. ಪುಸ್ತಕ ಜೋಡಿಸಿದ ಮೇಲೂ ಬೇಳೆಯ ವಾಸನೆ ಬಿಟ್ಟಿರಲಿಲ್ಲ. ಶಹಾಬಾದ್ ಕಲ್ಲಿನ ನೆಲದಲ್ಲಿ ಬಂಡೆಗೆ ಬಂಡೆ ಸೇರುವಲ್ಲೆಲ್ಲ ಚಕ್ರ ಖಟ್ ಎನ್ನುತ್ತಿತ್ತು. ಆ ಸದ್ದಿಗೆ ಮಕ್ಕಳು ಗೋಡೆಯ ಕಡೆ ಹೊರಳುತ್ತಿದ್ದರು. ಸೂಜಿಯ ಗಾಡಿ ಅಲ್ಲವೆಂದು ತಿಳಿದ ಮೇಲೆ ನಿಧಾನಕ್ಕೆ ಈ ಕಡೆ ತಿರುಗುತ್ತಿದ್ದರು. ಶಾಲೆಯಲ್ಲಿ ಪಾಠ ಮುಗಿಸಿ ಸಂಜೆ ನಾನು ಅದನ್ನು ತಳ್ಳಲು ಹೋಗುತ್ತಿದ್ದೆ. ಪುಸ್ತಕಗಳ ಹಾಳೆ ಹಾಳೆಗೂ ಪ್ಲಾಸ್ಟಿಕ್ ಹೊದಿಕೆ. ಒಂದು ಮಗುವಿನ ಕೈಯಿಂದ ಇನ್ನೊಂದರ ಕೈಗೆ ಕೊಡುವ ಮೊದಲು ಸ್ಪಿರಿಟ್ ಹಚ್ಚಿ ಒರೆಸಬೇಕು. ಪುಸ್ತಕ ವಾರ್ಡು ಬಿಟ್ಟು ಹೊರಗೆ ಹೋಗುವಂತಿಲ್ಲ.

ಹುಡುಗಿ ಕಾಗಿಣಾ ಹೊಳೆಯ ದಂಡೆಯ ಒಂದು ಊರಿನವಳು. ಮೂತ್ರಪಿಂಡದ ಕಾಯಿಲೆ. ಮುಖ ಬಾತುಕೊಂಡು ಕಣ್ಣುಗಳು ಸೀಳಿನಷ್ಟೇ ತೆರೆಯುತ್ತಿದ್ದವು, ಆದ್ದರಿಂದ ನಾನೇ ಓದಿ ಹೇಳಬೇಕಿತ್ತು. ಅವಳು ಆರಿಸಿಕೊಂಡದ್ದು ಒಂದು ಕತ್ತೆಯ ಕತೆ: ಹೊಳೆಯ ಸೆಳವಿಗೆ ಸಿಕ್ಕು ಎಲ್ಲೋ ದೂರದ ದಂಡೆಗೆ ಬಿದ್ದ ಕತ್ತೆ, ಮನೆ ಹುಡುಕುತ್ತ ಹೊರಡುತ್ತದೆ. ಹುಡುಗಿಯ ಜೊತೆಗಿದ್ದವಳು ಅವಳ ಅಜ್ಜಿ. ವಾರ್ಡಿನಲ್ಲಿ ಎಲ್ಲರೂ ಆಕೆಯನ್ನು ಆಯಿ ಎನ್ನುತ್ತಿದ್ದರು.

"ನಮ್ಮೂರ ಕತ್ತಿ ಆಗಿದ್ರ ಈಟೊತ್ತಿಗಿ ಈಜಿ ಬಂದು ಹುಲ್ಲ ಮೇಯ್ತಿತ್ತು," ಎಂದಳು ಆಯಿ. "ಇದು ಭಾಳ ಮೈಗಳ್ಳ ಅದ."

"ಸುಮ್ನಿರು ಆಯಿ. ಅಕ್ಕೋರು ಓದ್ಲಿಕತ್ತಾರ."

ಕೊನೆಯ ಪುಟಗಳು ಬಂದಾಗ ಆಯಿ ಹಾಳೆಯ ಮೇಲೆ ಕೈ ಇಟ್ಟಳು. "ಸಾಕ್ರಿ ಅಕ್ಕೋರೆ. ಮಂಗಲ ಇಲ್ಲಿ ಬ್ಯಾಡ."

ಶ್ರಾವಣದಲ್ಲಿ ನಮ್ಮ ಕಡೆ ಗುಡಿಯಲ್ಲಿ, ಮಠದಲ್ಲಿ ಪುರಾಣ ಹಚ್ಚುತ್ತಾರೆ. ತಿಂಗಳಿಡೀ ಓದಿಸಿ ಕೊನೆಯ ಅಧ್ಯಾಯವನ್ನು ಊರೆಲ್ಲ ಕೂಡುವ ದಿನಕ್ಕೆ ಉಳಿಸುತ್ತಾರೆ, ಅದೇ ಮಂಗಲ. ಆಯಿ ಈ ಪದ್ಧತಿಯನ್ನೇ ಕತ್ತೆಯ ಕತೆಗೂ ಹಿಡಿದಿದ್ದಳು. ಮೊಮ್ಮಗಳು ಗುಣವಾಗಿ ಮನೆಗೆ ಹೊರಡುವ ದಿನವೇ ಮಂಗಲ. "ಪುರಾಣ ಬಾಕಿ ಇದ್ರ ಕುಂತವರು ಎದ್ದು ಹೋಗಂಗಿಲ್ರಿ," ಎಂದಳು.

ಪಕ್ಕದ ಹಾಸಿಗೆಯ ಹೆಂಗಸು ವಾಡಿಯವಳು. ದಮ್ಮಿನ ಕಾಯಿಲೆಯ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. "ಕತ್ತಿ ಪುರಾಣಕ್ಕೂ ಮಂಗಲ! ಹಂಗಾರ ಪ್ರಸಾದಕ್ಕ ಹುಗ್ಗಿ ಮಾಡಸು ಆಯಿ, ಇಲ್ಲಿ ಗಂಜಿ ಕುಡ್ದು ಬಾಯಿ ಸತ್ತಾದ."

ಹುಡುಗಿ ನಕ್ಕಳು, ಹೊಟ್ಟೆ ಹಿಡಿದುಕೊಂಡು, ನೋವಿನಿಂದ. ಆಯಿ ನಗಲಿಲ್ಲ.

ಆಮೇಲೆ ನಾನು ಪ್ರತಿ ಸಲವೂ ಮೊದಲಿಂದ ಓದಿ ಅಲ್ಲಿಗೇ ನಿಲ್ಲಿಸುತ್ತಿದ್ದೆ. "ನಿಮಗ ಮುಂದ ಓದಲಿಕ್ಕ ಬರಂಗಿಲ್ಲೇನ್ರಿ ಅಕ್ಕೋರೆ?" ಎಂದು ಹುಡುಗಿ ಕೆಣಕುತ್ತಿದ್ದಳು. ಬಾವು ಮಾತ್ರ ಇಳಿಯಲಿಲ್ಲ. ಕೊನೆಗೆ ಡಾಕ್ಟರು ಇಲ್ಲಿ ಆಗುವುದಿಲ್ಲ, ಹೈದರಾಬಾದಿಗೆ ಒಯ್ಯಿರಿ ಎಂದರು. ಅಂಬುಲೆನ್ಸ್ ಬಾಗಿಲಿಗೆ ಬಂದು ನಿಂತಾಗ ನಾನು ಗಾಡಿಯೊಂದಿಗೆ ಅಲ್ಲೇ ಇದ್ದೆ.

"ಈಗ ಓದ್ರಿ," ಎಂದಳು ಹುಡುಗಿ. "ನಾ ತಿರುಗಿ ಬರ್ಲಿಲ್ಲಂದ್ರ?"

"ಬಿಡ್ತು ಅನ್ನು!" ಆಯಿ ಗದರಿದಳು.

"ಬಿಡ್ತು. ಈಗ ಓದ್ರಿ."

ಪುಸ್ತಕ ನನ್ನ ಕೈಯಲ್ಲಿತ್ತು. ಓದಬೇಕೋ ಬೇಡವೋ ಎಂಬುದು ನಾನು ತೀರ್ಮಾನಿಸುವ ಮಾತಾಗಿರಲಿಲ್ಲ. ಆಯಿ ನನ್ನನ್ನು ಬದಿಗೆ, ಮೊಗಸಾಲೆಗೆ ಕರೆದೊಯ್ದಳು.

"ನನಗ ಹೇಳ್ರಿ. ನಾ ಒಯ್ತೀನಿ. ಹೊತ್ತು ನೋಡಿ ಅಕಿಗಿ ಹೇಳ್ತೀನಿ."

ಹೇಳಿದೆ. ಆಕೆ ತಲೆಗೆ ಸೆರಗು ಹೊದ್ದು ಕೈ ಮುಗಿದು ಕೇಳಿದಳು ಎಂದು ಬರೆಯುವ ಆಸೆಯಾಗುತ್ತಿದೆ. ಅದನ್ನು ನಾನು ನಂಬುವುದಿಲ್ಲ. ಒಂದು ಕೈಯಲ್ಲಿ ಎಕ್ಸ್‌ರೇ ಚೀಲ, ಇನ್ನೊಂದರಲ್ಲಿ ನೀರಿನ ಬಾಟಲಿ ಇದ್ದವು. ಮುಗಿಯಲು ಕೈ ಎಲ್ಲಿತ್ತು?

"ಮನಿ ಮುಟ್ಟಿತು ಹೌದಿಲ್ರಿ?" ಎಂದು ಕೇಳಿದಳು.

"ಮುಟ್ಟಿತು ಆಯಿ," ಎಂದೆ. ಎಂದೆನೇ? ಪುಸ್ತಕದ ಕೊನೆಯ ಪುಟದಲ್ಲಿ ಮನೆಯಿಲ್ಲ. ಕತ್ತೆ ಮಬ್ಬಿನಲ್ಲಿ ನಿಂತು, ಯಾರೋ ಕೂಗಿದಂತಾಗಿ ಕಿವಿ ನಿಗುರಿಸುತ್ತದೆ, ಅಷ್ಟೇ. ಇದ್ದದ್ದನ್ನೇ ಹೇಳಿದೆನೋ, ಮನೆ ಮುಟ್ಟಿಸಿಬಿಟ್ಟೆನೋ, ಈಗ ಎರಡೂ ನನ್ನ ದನಿಯಲ್ಲೇ ಕೇಳಿಸುತ್ತವೆ.

ಸ್ಟ್ರೆಚರ್ ನಮ್ಮನ್ನು ದಾಟಿತು. "ಆಯಿ, ಏನಾತು ಕತ್ತಿಗಿ?" ಎಂದಳು ಹುಡುಗಿ, ಕಣ್ಣು ತೆರೆಯದೆ.

"ಗಾಡಿ ಹತ್ತು ಮೊದ್ಲು. ಹೈದ್ರಾಬಾದ್ ಬರ್ಲಿ."

ಮರುದಿನ ಆ ಹಾಸಿಗೆಯಲ್ಲಿ ಚಿತ್ತಾಪುರದ ಒಂದು ಕೂಸು ಮಲಗಿತ್ತು, ಪುಸ್ತಕದ ವಯಸ್ಸಿನದಲ್ಲ. ವಾಡಿಯ ಹೆಂಗಸು "ಆಯಿ ಸುದ್ದಿ ಏನರ ಬಂತೇನ್ರಿ?" ಎಂದು ಕೇಳುತ್ತಿದ್ದಳು, ಅವಳೂ ಮಗನೂ ಮನೆಗೆ ಹೋದ ಮೇಲೆ ಕೇಳುವವರು ಉಳಿಯಲಿಲ್ಲ. ನರ್ಸುಗಳಲ್ಲಿ ನಾನು ಕೇಳಿದೆ. ಇಲ್ಲಿಂದ ಹೋದವರ ಸುದ್ದಿ ಇಲ್ಲಿಗೆ ಬರುವುದಿಲ್ಲ ಎಂದರು.

ಆಯಿ ಆ ಕೊನೆಯನ್ನು ಮೊಮ್ಮಗಳಿಗೆ ಹೇಳಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಹುಡುಗಿ ಬದುಕಿದ್ದಾಳೋ, ಅದೂ ಗೊತ್ತಿಲ್ಲ.