ನನ್ನ ಕೊಡಕ್ಕ ಒಂದೇ ಡೈಲಾಗ್ ಯಾಕ್ರಿ?

"ಮೇಡಂ, ಹೊರಗ ಬರ್ರಿ. ನಿಮ್ಮ ಕೂಡ ಮಾತಾಡೋದದ."

ಈ ಬೇಸಿಗೆಯ ಒಂದು ಬೆಳಗ್ಗೆ ನಮ್ಮ ಓಣಿಯ ಶಾಂತಾಬಾಯಿ ಬಾಗಿಲಿಗೆ ಬಂದು ನಿಂತರು. ಸೊಂಟದ ಮೇಲೆ ಖಾಲಿ ಕೊಡ. ಕೈಯಲ್ಲಿ ಆರು ಝೆರಾಕ್ಸ್ ಹಾಳೆ. ಅದು ನಾನೇ ಬರೆದ ಕಾಮಿಕ್ಸ್. ಅದರಲ್ಲಿ ಒಂದು ಕೊಡ ಸುಳ್ಳು ಹೇಳಿ ನೀರಿನ ಪಾಳಿಯಲ್ಲಿ ಮುಂದೆ ನುಗ್ಗುತ್ತದೆ. ಆ ಕೊಡದ ಹೊಟ್ಟೆಗೆ ಎಡಗಡೆ ಒಂದು ತಗ್ಗು, ಬುಡಕ್ಕೆ ಪ್ಲಾಸ್ಟಿಕ್ ಸುಟ್ಟು ಅಂಟಿಸಿದ ತೇಪೆ.

ಶಾಂತಾಬಾಯಿಯ ಸೊಂಟದ ಮೇಲಿದ್ದ ಕೊಡಕ್ಕೂ ಎಡಗಡೆ ತಗ್ಗು. ಬುಡಕ್ಕೆ ತೇಪೆ.

"ಇದು ನನ್ನ ಕೊಡ ಹೌದೋ ಅಲ್ಲೋ?" ಚಿತ್ರದ ಮೇಲೆ ಬೆರಳಿಟ್ಟು ಕೇಳಿದರು.

"ಹೌದ್ರಿ," ಎಂದೆ. ಇನ್ನೇನು ಅನ್ನಲಿ? ಸಾಕ್ಷಿ ಸೊಂಟದ ಮೇಲೇ ಕೂತಿತ್ತು.

"ಮತ್ತ ನನ್ನ ಕೊಡಕ್ಕ ಒಂದೇ ಡೈಲಾಗ್ ಯಾಕ್ರಿ? ಆ ಕಲಾವತಿ ಕೊಡ ಆರೂ ಪೇಜ್ ಬಡಬಡ ಮಾತಾಡ್ತದ. ನಾ ಈ ಓಣ್ಯಾಗ ಇಪ್ಪತ್ತು ವರ್ಷದಿಂದ ಇದ್ದೇನಿ. ಆಕಿ ಮೊನ್ನಿ ಬಂದಾಕಿ!"

ನೋಡಿ, ಸುಳ್ಳುಗಾತಿ ಎಂದು ತೋರಿಸಿದ್ದಕ್ಕೆ ಸಿಟ್ಟಿಲ್ಲ. ಮಾತು ಕಡಿಮೆ ಕೊಟ್ಟಿದ್ದಕ್ಕೆ ಸಿಟ್ಟು.

ಓದುಗರಿಗೆ ಈಗ ಸ್ವಲ್ಪ ವಿವರಿಸಬೇಕು. ನನಗೊಂದು ಚಟವಿದೆ. ಪ್ರತಿ ವಾರ ಈ ಅಂಕಣ ಬರೆಯುವುದಲ್ಲ, ಅದು ಎಡಿಟರ್ ಕಾಟ. ಚಟ ಎಂದರೆ ಕಾಮಿಕ್ಸ್. ಚಿಕ್ಕಂದಿನಿಂದ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಚೌಕ ಡಬ್ಬಿ ಎಳೆದು, ಗೊಂಬೆ ಬರೆದು, ಅವುಗಳ ಬಾಯಿಗೆ ಮಾತು ತುಂಬುತ್ತ ಬಂದಿದ್ದೇನೆ. ಯಾರೂ ಛಾಪಿಸಿಲ್ಲ, ಯಾರೂ ಕೇಳಿಯೂ ಇಲ್ಲ. ಹುಚ್ಚು ಬಿಡೋವರೆಗೂ ಮದುವೆ ಆಗೋಲ್ಲ ಅಂತಾರಲ್ಲ, ನನ್ನ ವಿಷಯದಲ್ಲಿ ಅದು ಸುಳ್ಳಾಯಿತು. ಮದುವೆಯೂ ಆಯಿತು, ಹುಚ್ಚೂ ಉಳಿಯಿತು. ಹೋದದ್ದು ಟೈಮ್ ಮಾತ್ರ.

ಬೀದರ್‌ನ ಚಿದ್ರಿಯಲ್ಲಿ ಮನೆ, ಭಾಲ್ಕಿಯ ಒಂದು ಆಫೀಸಿನಲ್ಲಿ ಗುಮಾಸ್ತಿಕೆ. ಬರಗಾಲ ಬಂದ ಮೇಲೆ ನಮಗೆ ಭಾನುವಾರವೂ ಡ್ಯೂಟಿ. ಬಸ್ಸಿನಲ್ಲಿ ಬರೆಯೋಣವೆಂದು ಒಂದು ವಾರ ಪ್ರಯತ್ನಿಸಿದೆ. ಒಂದು ತಗ್ಗಿಗೆ ಬಸ್ಸು ಹಾರಿತು, ನನ್ನ ನಾಯಕಿಯ ಮೂಗು ಪಕ್ಕದ ಡಬ್ಬಿಗೆ ಹೋಗಿ ವಿಲನ್‌ನ ಕಣ್ಣು ಚುಚ್ಚಿತು. (ಕಥೆ ಅಲ್ಲಿಗೇ ಮುಗಿಯಿತು.)

ಮನೆಯಲ್ಲಿ? ಪೆನ್ಸಿಲ್ ಹಿಡಿದು ಕೂತರೆ ಅತ್ತೆಯವರು, "ಖಾಲಿ ಕುಂತಿಯಲ್ಲ, ಈ ಬಳ್ಳೊಳ್ಳಿ ಸುಲಿ" ಎನ್ನುತ್ತಾರೆ. ನನ್ನ ಯಜಮಾನರು ಅಂಥವರಲ್ಲ, ತುಂಬ ಉದಾರಿ. "ನಾ ಎಂದರ ಬ್ಯಾಡ ಅಂದೇನೇನು? ಎಲ್ಲಾ ಕೆಲಸ ಮುಗಿಸಿ ಆರಾಮ್ ಬರಿ" ಎನ್ನುತ್ತಾರೆ. ಹೆಂಗಸಿನ ಎಲ್ಲಾ ಕೆಲಸ ಯಾವಾಗ ಮುಗಿಯುತ್ತದೆ, ಯಾರಾದರೂ ಬಲ್ಲಿರಾ?

ನನಗೆ ಟೈಮ್ ಕೊಟ್ಟದ್ದು ಬರಗಾಲ. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೆ ಖರೇ.

ಓಣಿಯ ಬೋರ್ ಬತ್ತಿ ದಿನ ಬಿಟ್ಟು ದಿನ ಟ್ಯಾಂಕರ್ ಬರತೊಡಗಿತು. ಬೆಳಗ್ಗೆ ಆರಕ್ಕೆ ಎನ್ನುತ್ತಾರೆ, ಎಂಟಕ್ಕೆ ಬರುತ್ತದೆ. ಪಾಳಿಯ ಕಾಯಿದೆ ನಿಮಗೆ ಗೊತ್ತೇ ಇದೆ: ಕೊಡ ನಿಂತರೆ ಆಳು ನಿಂತ ಹಾಗೆ. ಹೆಂಗಸರು ಸಾಲಾಗಿ ಕೊಡ ಇಟ್ಟು ರೊಟ್ಟಿ ಬಡಿಯಲು ಮನೆಗೆ ಹೋಗುತ್ತಾರೆ. ನಾನು ಮಾತ್ರ ಹೋಗುತ್ತಿರಲಿಲ್ಲ. ಕೊಡ ಬೋರಲು ಹಾಕಿ ಅದರ ಮೇಲೆ ಕೂತು ನೋಟ್‌ಬುಕ್ ತೆಗೆಯುತ್ತಿದ್ದೆ. ಅಲ್ಲಿ ಕೂತರೆ ಯಾರೂ ಬೆಳ್ಳುಳ್ಳಿ ತರುವುದಿಲ್ಲ. ಯಾಕೆಂದರೆ ನಾನು ಖಾಲಿ ಕೂತಿಲ್ಲ, ನೀರಿಗೆ ಕೂತಿದ್ದೇನೆ!

ಹಾಗೆ ಕೂತಾಗಲೇ ಹೊಳೆದದ್ದು. ಮಾಲಕಿಯರು ಮನೆಗೆ ಹೋದ ಮೇಲೆ ಈ ಕೊಡಗಳು ಏನು ಮಾತಾಡಿಕೊಳ್ಳುತ್ತವೆ? ಒಂದೊಂದೂ ತನ್ನ ಮನೆಯ ಗುಟ್ಟು ಹೊರಹಾಕುತ್ತದೆಯೇ? ಕಣ್ಣು ಮೂಗು ಇಟ್ಟೆ, ಮಾತು ಹಾಕಿದೆ. ತಪ್ಪಾದದ್ದು ಒಂದೇ ಕಡೆ. ಎದುರಿಗಿದ್ದ ಕೊಡಗಳನ್ನೇ ತಗ್ಗು, ತೇಪೆ, ಸೀಳು ಸಮೇತ ಇದ್ದಂತೆ ಇಳಿಸಿಬಿಟ್ಟೆ. ನಮ್ಮಲ್ಲಿ ಪರಮಾತ್ಮನ ಮುಖ ಮರೆತಾರು, ಕೊಡದ ತೇಪೆ ಮರೆಯುತ್ತಾರೆಯೇ?

ಮೊದಲ ಓದುಗಾರ್ತಿ ಕಲಾವತಿ. ಔರಾದ ತಾಲೂಕಿನ ಠಾಣಾ ಕುಶನೂರದವಳು. ಹೊಲದಲ್ಲಿ ಸೋಯಾ ಮೊಳಕೆಯಲ್ಲೇ ಒಣಗಿದ ಮೇಲೆ ಗಂಡನ ಜೊತೆ ಬೀದರ್‌ಗೆ ಬಂದಿದ್ದಳು. ಗಂಡ ಮನೆ ಕಟ್ಟುವ ಗೌಂಡಿ ಕೆಲಸಕ್ಕೆ ಹೋಗುತ್ತಿದ್ದ. ನಮ್ಮ ಮನೆಯ ಹಿಂದಿರುವ ಮನೆಯ ಒಂದು ಕೋಣೆಯಲ್ಲಿ ವಾಸ. ನನ್ನ ಹೆಗಲ ಮೇಲಿಂದ ಇಣುಕಿ ನೋಡಿ ನಕ್ಕವಳು ಅವಳೇ ಮೊದಲು. ಆಮೇಲೆ ಪಾಳಿಯಲ್ಲಿ ಗಟ್ಟಿಯಾಗಿ ಓದಿ ಹೇಳತೊಡಗಿದಳು, ಒಂದೊಂದು ಕೊಡಕ್ಕೆ ಒಂದೊಂದು ದನಿಯಲ್ಲಿ. ಶಾಂತಾಬಾಯಿಯ ಕೊಡಕ್ಕೆ ಶಾಂತಾಬಾಯಿಯದೇ ದನಿ. ಝೆರಾಕ್ಸ್ ಹಂಚಿದ್ದೂ ಅವಳೇ. ಅವಳ ಕೊಡಕ್ಕೆ ನಾನು ಹೆಚ್ಚು ಮಾತು ಕೊಟ್ಟದ್ದು ಲಂಚವೆಂದೇ ತಿಳಿಯಿರಿ. ಇಷ್ಟು ವರ್ಷಕ್ಕೆ ಸಿಕ್ಕ ಒಬ್ಬಳೇ ಒಬ್ಬಳು ಓದುಗಾರ್ತಿಯನ್ನು ಬಿಡಲಿಕ್ಕಾಗುತ್ತದೆಯೇ?

ಶಾಂತಾಬಾಯಿ ಜಗಳ ತೆಗೆದ ದಿನವೇ ರಾತ್ರಿ ಕಲಾವತಿ ಬಂದಳು.

"ಅಕ್ಕಾ, ಮೇಸ್ತ್ರಿ ಹೈದರಾಬಾದ್‌ಗೆ ಕರದಾನ್ರಿ. ಗುರುವಾರ ಮುಂಜಾನಿ ಹೋಗ್ತೇವಿ. ಕಥಿ ಮುಗಿಸಿ ಕೊಡ್ರಿ. ಅಲ್ಲಿ ನನಗ ಯಾರೂ ಗುರ್ತಿಲ್ಲ. ಈ ಬುಕ್ಕರ ಇರ್ಲಿ ಕೂಡ."

ಅಂದು ಸೋಮವಾರ. ಇನ್ನೂ ನಾಲ್ಕು ಪುಟ ಬಾಕಿ. ಹೂಂ ಎಂದುಬಿಟ್ಟೆ. ಅವಳು ಹೋದ ಮೇಲೆ ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ಅವಳು ಹೋಗುವುದಕ್ಕೋ, ನಾಲ್ಕು ಪುಟಕ್ಕೋ, ನನಗೇ ತಿಳಿಯಲಿಲ್ಲ.

ನಾನು ಅತ್ತದ್ದು ಮನೆಯವರ ಮೇಲೆ ಭಯಂಕರ ಪರಿಣಾಮ ಮಾಡಿತು. ಎಲ್ಲರೂ ಸಪೋರ್ಟ್ ಮಾಡತೊಡಗಿದರು!

ಮಂಗಳವಾರ ಟ್ಯಾಂಕರ್ ದಿನ. ಹೊಟ್ಟೆನೋವೆಂದು ಆಫೀಸಿಗೆ ರಜೆ ಹೇಳಿದೆ. ಯಜಮಾನರು ಟೇಬಲ್ ಖಾಲಿ ಮಾಡಿ, ಫ್ಯಾನ್ ನನ್ನ ಕಡೆ ತಿರುಗಿಸಿ, ಪೆನ್ಸಿಲ್ ಕೆತ್ತಿಟ್ಟರು. ಅತ್ತೆಯವರು, "ನೀ ಬರಿ ಅವ್ವಾ, ನೀರಿಗಿ ನಾ ಹೋಗ್ತೇನಿ" ಎಂದು ಕೊಡ ಎತ್ತಿಕೊಂಡು ನಡೆದರು. ಇಂಥ ದಿನಕ್ಕಾಗಿ ನಾನು ಮದುವೆಯಾದಾಗಿನಿಂದ ಹದಿನೈದು ವರ್ಷ ಕಾದಿದ್ದೆ.

ಕೂತೆ. ಚಹಾ ಬಂತು, ಕುಡಿದೆ. ಇನ್ನೊಂದು ಚಹಾ ಬಂತು.

"ಎಷ್ಟಾತು?" ಯಜಮಾನರು ಇಣುಕಿದರು.

"ಆಗ್ಲಿಕತ್ತದರಿ."

"ಕೊಡದಾಗ ಏನದ? ಒಂದು ಹುಲಿ ಹಾಕು. ಜನಕ್ಕ ಹುಲಿ ಸೇರ್ತದ."

ಗೊಂಬೆಯ ಒಂದು ಗೆರೆಯೂ ಮೂಡಲಿಲ್ಲ. ಕೊಡಗಳು ಬಾಯಿ ಬಿಡಲೇ ಇಲ್ಲ. ಟೇಬಲ್ ಇಲ್ಲ, ಟೈಮ್ ಇಲ್ಲ ಎಂದು ಇಷ್ಟು ವರ್ಷ ದೂರಿದ್ದೆ. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ. ಈಗ ನೆಲ ನೆಟ್ಟಗಿತ್ತು, ಮಾಡಲು ಯಾವ ನೆಪವೂ ಉಳಿದಿರಲಿಲ್ಲ. ಸಂಜೆಯ ಹೊತ್ತಿಗೆ ನಾನು ಬರೆದದ್ದು ಎಂಟು ಖಾಲಿ ಡಬ್ಬಿ.

ಅತ್ತೆಯವರು ಮಾತ್ರ ಪಾಳಿಯಿಂದ ಅರಳಿದ ಮುಖ ಹೊತ್ತು ಬಂದಿದ್ದರು. ಓಣಿಯ ಇಪ್ಪತ್ತು ಮನೆಯ ಸುದ್ದಿ ಅವರ ಬಳಿ ಇತ್ತು. "ನೀರಿಗಿ ಇನ್ನ ನಾನೇ ಹೋಗ್ತೇನಿ. ಭಾಳ ಚೊಲೋ ಹೊತ್ತು ಹೋಗ್ತದ" ಎಂದು ಸಾರಿದರು.

ನಾನು ಬರೆಯುವ ಜಾಗವೇ ಆ ಪಾಳಿ, ಅದೇ ಕೈಬಿಟ್ಟಂತಾಯಿತು. "ಬ್ಯಾಡ್ರಿ ಅತ್ತಿ, ನೀರು ನಾನೇ ತರ್ತೇನಿ" ಎಂದೆ. ಅವರು ಬಿಡಲಿಲ್ಲ. ನಾನೂ ಬಿಡಲಿಲ್ಲ. ನೀರು ತರುವ ಹಕ್ಕಿಗಾಗಿ ಅತ್ತೆಯ ಕೂಡ ಜಗಳಾಡಿದ ಸೊಸೆ ಇಡೀ ಬೀದರ್ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ಮಂಗಳವಾರ ಅರ್ಧ ಓಣಿಗೆ ನೀರು ಸಾಲದೆ ಬುಧವಾರ ಇನ್ನೊಂದು ಟ್ಯಾಂಕರ್ ಬರುವುದಿತ್ತು. ಹೊಟ್ಟೆನೋವನ್ನು ಇನ್ನೊಂದು ದಿನ ಮುಂದುವರಿಸಿದೆ, ಕೊನೆಗೆ ಇಬ್ಬರೂ ಹೋದೆವು.

ಅಂದು ಟ್ಯಾಂಕರ್ ದಾರಿಯಲ್ಲಿ ಪಂಕ್ಚರ್ ಆಯಿತು. ಎಲ್ಲರೂ ಬೈದರು, ನಾನು ಕೈ ಮುಗಿದೆ. ಬೋರಲು ಹಾಕಿದ ಕೊಡದ ಮೇಲೆ ಕೂತದ್ದೇ ಪೆನ್ಸಿಲ್ ಓಡತೊಡಗಿತು. ಅತ್ತೆಯವರು ಒಂದು ಕಡೆ ಸುದ್ದಿ, ಕಲಾವತಿ ಇನ್ನೊಂದು ಕಡೆ ನಗು. ಕೊನೆಗೂ ಟ್ಯಾಂಕರ್ ಬಂದು ಸಾಲು ಸರಿದಂತೆ ನಮ್ಮ ಎರಡನೇ ಕೊಡವನ್ನು ಶಾಂತಾಬಾಯಿ ಕಾಲಿನಿಂದ ಮುಂದೆ ನೂಕುತ್ತ, "ಯಾರೂ ಆಕಿಗಿ ಏಳಸಬ್ಯಾಡ್ರಿ!" ಎಂದು ಗದರುತ್ತಿದ್ದರು. (ಇದಕ್ಕೆ ಮೂರು ಹೊಸ ಡೈಲಾಗ್ ಕೊಡಬೇಕಾಯಿತು.)

ಮುಕ್ತಾಯಕ್ಕೆ ದೊಡ್ಡ ಚರ್ಚೆ. ಕೊನೆಯ ಪುಟದಲ್ಲಿ ಟ್ಯಾಂಕರ್ ಬರುತ್ತದೆ, ಸರಿ. ಕೊಡಗಳು ಏನು ಮಾತಾಡಬೇಕು?

"ಏನೂ ಬ್ಯಾಡ್ರಿ ಅಕ್ಕಾ," ಎಂದಳು ಕಲಾವತಿ. "ತುಂಬಿದ ಕೊಡ ತುಳುಕಂಗಿಲ್ಲ ಅಂತಾರಲ್ಲ? ಒಂದೊಂದೇ ತುಂಬ್ತದ, ಒಂದೊಂದೇ ಸುಮ್ಮನಾಗ್ತದ."

ಚಿಕ್ಕಂದಿನಿಂದ ಬರೆದ ನನಗೆ ಇದು ಹೊಳೆದಿರಲಿಲ್ಲ. ಹಾಗೆಯೇ ಬರೆದೆ. ಒಂದೂ ಮಾತಿಲ್ಲದ ಪುಟ, ನಾನು ಬರೆದದ್ದರಲ್ಲಿ ಅದೇ ಚೆಂದದ್ದು. (ಮಾತಿಲ್ಲವೆಂದು ಶಾಂತಾಬಾಯಿ ಮತ್ತೆ ಮುನಿಸಿಕೊಂಡರು.)

ಗುರುವಾರ ಮುಂಜಾನೆ ಬಸ್‌ಸ್ಟ್ಯಾಂಡಿನಲ್ಲಿ ಪಿನ್ ಹೊಡೆದ ಬುಕ್ಕನ್ನು ಕಲಾವತಿಯ ಕೈಗಿಟ್ಟೆ. ರೊಟ್ಟಿ ಗಂಟನ್ನು ಗಂಡನಿಗೆ ಕೊಟ್ಟು ಬುಕ್ಕನ್ನು ತಾನು ಹಿಡಿದು ಬಸ್ ಹತ್ತಿದಳು.

ಮೊನ್ನೆ ಅವಳ ಫೋನು.

"ಅಕ್ಕಾ, ಇಲ್ಲಿ ಶೆಡ್‌ನಾಗ ಎಲ್ಲಾರಿಗೂ ಓದಿ ಹೇಳೇನ್ರಿ. ತೆಲುಗು ಮಾತಾಡೋ ಕೊಡ ಯಾಕಿಲ್ಲ ಅಂತ ಕೇಳ್ತಾರ. ಎರಡನೇ ಪಾರ್ಟ್ ಯಾವಾಗ್ರಿ?"

ನಾನು ಎಂದಿನ ರಾಗ ತೆಗೆದೆ. "ಟೈಮೇ ಇಲ್ಲ ಕಲಾವತಿ. ಇಲ್ಲಿ ನಾಲ್ಕು ಜೋರು ಮಳಿ ಆದ್ವು. ಬೋರಿಗಿ ನೀರು ಬಂದಾವ, ಟ್ಯಾಂಕರ್ ನಿಂತದ. ಪಾಳಿನೇ ಇಲ್ಲ, ಎಲ್ಲಿ ಕುಂತು ಬರೀಲಿ?"

ಅವಳ ಕಿವಿಗೆ ಬಿದ್ದದ್ದು ಮಳೆಯಷ್ಟೇ.

"ನಮ್ಮ ಕುಶನೂರಕ್ಕೂ ಆಗ್ಯಾದೇನ್ರಿ ಮಳಿ?"

"ಆಗ್ಯಾದಂತ. ಬಿತ್ಲಿಕ್ಕೂ ಶುರು ಮಾಡ್ಯಾರಂತ."

"ಹಂಗಾದ್ರ ಬರೀಬ್ಯಾಡ್ರಿ ಬಿಡ್ರಿ ಅಕ್ಕಾ," ಎಂದಳು. "ನಾವೇ ಊರಿಗಿ ಬರ್ತೇವಿ."

ಬರೀಬೇಡ ಎಂದು ನನಗೆ ಬಹಳ ಜನ ಹೇಳಿದ್ದಾರೆ. ಕೇಳಿ ಖುಷಿಯಾದದ್ದು ಇದೊಂದೇ ಸಲ.