ಟ್ಯಾಂಕಿಗೆ ತಾಮ್ರ ಬಂದ ದಾರಿ

ಸಮುದ್ರದ ಮೀನು ಸಾಕುವುದನ್ನು ನನಗೆ ಯಾರೂ ಕಲಿಸಲಿಲ್ಲ. ಮೊಬೈಲಿನಲ್ಲಿ ಯಾರು ಯಾರೋ ಹಾಕಿದ ವಿಡಿಯೊ ನೋಡಿ, ಅರ್ಥವಾಗದ ಕಡೆ ನಿಲ್ಲಿಸಿ ಮತ್ತೆ ನೋಡಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕಲಿತೆ. ಆ ವಿಡಿಯೊದವರೆಲ್ಲ ನೀರು ಬಿಸಿಯಾಗುತ್ತದೆ, ತಂಪು ಮಾಡುವ ಮೆಷಿನ್ ಬೇಕು ಎನ್ನುತ್ತಿದ್ದರು. ಹೆತ್ತೂರಿನ ಹತ್ತಿರದ ನಮ್ಮ ಮನೆಯ ಮಲೆನಾಡಿನ ಚಳಿಗೆ ನಾನು ನೀರು ಬೆಚ್ಚಗಿಡಲು ಎರಡು ಹೀಟರ್ ಹಾಕಿದೆ. ಹೀಗೆ ಅವರು ಹೇಳಿದ್ದನ್ನು ನಮ್ಮ ಊರಿಗೆ ತಿರುಗಿಸಿಕೊಳ್ಳುವುದು ನನಗೆ ಬರುತ್ತದೆ ಎಂದು ತುಂಬಾ ಹೆಮ್ಮೆ ಇತ್ತು. ಆ ಹೆಮ್ಮೆ ಎಲ್ಲಿ ಕೈ ಕೊಟ್ಟಿತು ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಲಿಂಗ ಕಟ್ಟುವ ಮನೆ. ಮೀನು ತಿನ್ನುವುದಿರಲಿ, ಮೀನಿನ ಮಾತೂ ಅಡುಗೆಮನೆಗೆ ಬರುವುದಿಲ್ಲ. ಟ್ಯಾಂಕ್ ತರುತ್ತೇನೆ ಎಂದಾಗ ಅಪ್ಪ ಅಮ್ಮ ಇಬ್ಬರೂ ಅತ್ತೆಯ ಮುಖ ನೋಡಿದರು. ಅತ್ತೆ ಎಂದರೆ ಅಪ್ಪನ ಅಕ್ಕ. ಮದುವೆಯಾಗಿ ಮೂರು ವರ್ಷಕ್ಕೆ ಗಂಡನನ್ನು ಕಳೆದುಕೊಂಡು ವಾಪಸ್ ಬಂದವಳು. ನನ್ನನ್ನು ಎತ್ತಿ ಆಡಿಸಿದವಳು, ಈಗಲೂ ಮನೆಯ ಕೊನೆಯ ಮಾತು ಅವಳದೇ. ತಿನ್ನಲಿಕ್ಕಲ್ಲ ಅತ್ತೆ, ನೋಡಲಿಕ್ಕೆ ಎಂದೆ. ನೋಡಕ್ಕೆ ಕೆರೇಲಿ ಇಲ್ವಾ ಎಂದು ಕೇಳಿದಳು. ಎರಡು ದಿನ ಬಿಟ್ಟು, ಕಾಫಿ ಮೂಟೆ ಇಡುತ್ತಿದ್ದ ಹೊರಗಿನ ರೂಮಿನಲ್ಲಾದರೆ ಇಟ್ಟುಕೋ ಎಂದಳು.

ಸಮುದ್ರದ ಟ್ಯಾಂಕಿಗೆ ಮೀನನ್ನು ಕೂಡಲೇ ಬಿಡುವ ಹಾಗಿಲ್ಲ. ಉಪ್ಪುನೀರು, ಮರಳು, ಕಲ್ಲು ಹಾಕಿ, ಪಂಪು ಓಡಿಸುತ್ತಾ ಒಂದೂವರೆ ತಿಂಗಳು ಸುಮ್ಮನೆ ಕಾಯಬೇಕು. ನಾನು ದಿನಾ ಆ ಖಾಲಿ ನೀರಿನ ಮುಂದೆ ಕೂತು ಉಪ್ಪು ಅಳೆಯುತ್ತಿದ್ದೆ. ಮನೆಗೆ ಬಂದವರಿಗೆಲ್ಲ ಅತ್ತೆ, ನಮ್ಮ ಹುಡುಗಿ ನೀರು ಸಾಕ್ತಾವಳೆ, ಚೆನ್ನಾಗಿ ದಪ್ಪ ಆಗೈತೆ ನೋಡಿ ಎಂದು ತೋರಿಸುತ್ತಿದ್ದಳು.

ಆಮೇಲೆ ಸಕಲೇಶಪುರದ ಬಸ್‌ಸ್ಟ್ಯಾಂಡಿಗೆ ಒಂದು ಥರ್ಮಕೋಲ್ ಡಬ್ಬಿ ಬಂತು. ಬಿಳಿ ಪಟ್ಟೆಯ ಎರಡು ಕಿತ್ತಳೆ ಮೀನು, ಕೆಲವು ಬಸವನಹುಳು, ಸಣ್ಣ ಕಲ್ಲುಗಳಿಗೆ ಅಂಟಿಕೊಂಡ ನಾಲ್ಕು ತುಂಡು ಹವಳ, ಮತ್ತೆ ಬೆನ್ನ ಮೇಲೆ ಬಿಳಿ ಗೆರೆ ಇದ್ದ ಒಂದು ಕೆಂಪು ಸಿಗಡಿ. ಹವಳ ಎಂದ ಕೂಡಲೇ ಅತ್ತೆ ತನ್ನ ಬೆರಳಿನ ಉಂಗುರ ನೋಡಿಕೊಂಡಳು. ಉಂಗುರದಲ್ಲಿದ್ದದ್ದು ಹವಳವೇ.

"ಇದುಕ್ಕೆ ಜೀವ ಇತ್ತಾ?" ಎಂದು ಕೇಳಿದಳು. ಇತ್ತು ಎಂದೆ. ಬಹಳ ಹೊತ್ತು ಉಂಗುರವನ್ನು ತಿರುಗಿಸುತ್ತಾ ನಿಂತಿದ್ದಳು.

ಸಿಗಡಿ ಅವಳನ್ನು ಒಲಿಸಿಕೊಂಡಿತು. ಆ ಜಾತಿಯ ಸಿಗಡಿಗೆ ದೊಡ್ಡ ಮೀನುಗಳ ಮೈ ಚೊಕ್ಕ ಮಾಡುವ ಗುಣ. ನೀರಿಗೆ ಕೈ ಇಟ್ಟರೆ ಕೈಯನ್ನೂ ಮೀನು ಎಂದೇ ತಿಳಿದು, ಬೆರಳು ಹತ್ತಿ ಉಗುರಿನ ಸಂದು ಕೆರೆಯುತ್ತದೆ. ಮೊದಲ ಸಲ ಅತ್ತೆ ಕೈ ಎಳೆದುಕೊಂಡಳು. ಮಾರನೆಯ ದಿನ ತಾನೇ ಬಂದಳು. ಉದ್ದ ಮೀಸೆ ಇತ್ತಲ್ಲ, ಮೀಸೆಯವನು ಎಂದು ಕರೆಯತೊಡಗಿದಳು. ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ನೇರ ಆ ರೂಮಿಗೆ ಬರುವಳು. ನಾನು ಹೇಳಿದ ಹಾಗೆ ವಿಭೂತಿ ಹೋಗುವ ತನಕ ಮೊಣಕೈವರೆಗೆ ತೊಳೆದು, ಸೋಪು ಮುಟ್ಟದೆ, ಕೈ ಇಳಿಬಿಟ್ಟು ನಿಲ್ಲುವಳು. ಮೀಸೆಯವನು ಉಗುರು ಕೆರೆಯುತ್ತಿದ್ದರೆ ಅವಳ ಮುಖ ನೋಡಬೇಕಿತ್ತು. ಮೂವತ್ತು ವರ್ಷದಿಂದ ಕಳೆ ಕೀಳುತ್ತಾ, ಕಾಫಿ ಕುಯ್ಯುತ್ತಾ ಸವೆದ ಕೈ ಅದು. ಆ ಕೈಯನ್ನು ಯಾರೂ ಹಾಗೆ ಹಿಡಿದು ಕೂತಿದ್ದಿಲ್ಲ.

ಒಂದು ವಿಷಯ ನಾನು ನೋಟ್‌ಬುಕ್ಕಿನಲ್ಲಿ ದೊಡ್ಡದಾಗಿ ಬರೆದು ಕೆಳಗೆ ಗೆರೆ ಎಳೆದಿದ್ದೆ. ತಾಮ್ರ ಸೇರಕೂಡದು. ಮೀನು ತಡೆದುಕೊಂಡೀತು, ಆದರೆ ಸಿಗಡಿ, ಬಸವನಹುಳು, ಹವಳಕ್ಕೆ ಚಿಟಿಕೆ ತಾಮ್ರವೂ ವಿಷ. ವಿಡಿಯೊದವರು ಕಾಪರ್ ಎನ್ನುತ್ತಿದ್ದರು, ನಾನು ತಾಮ್ರ ಎಂದು ಬರೆದುಕೊಂಡೆ. ತಾಮ್ರ ಎಂದರೆ ನಮ್ಮ ಮನೆಯಲ್ಲಿ ಏನೇನಿದೆ ಎಂದು ಯೋಚಿಸಿದೆ. ಬಚ್ಚಲಿನ ಹಂಡೆ, ಒಂದು ಕೊಳಗ, ಅತ್ತೆಯ ಪೂಜೆಯ ತಂಬಿಗೆ. ಮೂರನ್ನೂ ಆ ರೂಮಿಗೆ ತರಬೇಡಿ ಎಂದು ಎಲ್ಲರಿಗೂ ಹೇಳಿದೆ.

ಮಳೆ ಹಿಡಿದ ಮೇಲೆ ಕರೆಂಟು ಆಗಾಗ ಹೋಗುತ್ತಿತ್ತು. ಟ್ಯಾಂಕಿನ ನೀರು ಆವಿಯಾದಷ್ಟೂ ಉಪ್ಪು ಗಟ್ಟಿಯಾಗುತ್ತದೆ, ದಿನಾ ಸ್ವಲ್ಪ ಶುದ್ಧ ಸಿಹಿನೀರು ಸೇರಿಸಬೇಕು. ನೀರು ಶುದ್ಧ ಮಾಡುವ ಫಿಲ್ಟರು ಕರೆಂಟಿನಲ್ಲೇ ಓಡುವುದು, ಅದರ ನೀರನ್ನು ಕರೆಂಟು ಇದ್ದಾಗಲೇ ಹಿಡಿದಿಡಲು ದೊಡ್ಡ ಪಾತ್ರೆ ಬೇಕಾಯಿತು. ಕೊಟ್ಟಿಗೆಯ ಪಕ್ಕ ಅಪ್ಪನ ನೀಲಿ ಪ್ಲಾಸ್ಟಿಕ್ ಡ್ರಮ್ ಇತ್ತು. ಮಳೆಗೆ ಮುಂಚೆ ಮೆಣಸಿನ ಬಳ್ಳಿಗೆ, ಕಾಫಿಗೆ ಕೊಳೆರೋಗ ಬಾರದ ಹಾಗೆ ಹೊಡೆಯಲು ಬೋರ್ಡೋ ಕಲಸುವ ಡ್ರಮ್. ಅದು ನನಗೆ ಗೊತ್ತಿತ್ತು. ತಳದಲ್ಲಿ ಸುಣ್ಣದ ಹಕ್ಕಳೆ ಇತ್ತು. ಮೂರು ಸಲ ಉಜ್ಜಿ ತೊಳೆದು ತಂದೆ.

ಬೋರ್ಡೋ ಎಂದರೆ ಸುಣ್ಣ ಮತ್ತು ಮೈಲುತುತ್ತ. ಹುಟ್ಟಿದಾಗಿನಿಂದ ಕೇಳಿದ ಮಾತು. ತುತ್ತ ನೆನೆಹಾಕು, ತುತ್ತ ಮುಟ್ಟಬೇಡ, ತುತ್ತದ ಕೈಯಲ್ಲಿ ಕಣ್ಣು ಉಜ್ಜಬೇಡ. ಆ ಮಾತಿನಲ್ಲಿ ಎಲ್ಲಿಯೂ ತಾಮ್ರ ಇಲ್ಲ. ಪಿಯುಸಿ ಲ್ಯಾಬಿನಲ್ಲಿ ಅದೇ ನೀಲಿ ಹರಳನ್ನು ಹಿಡಿದು ಕಾಪರ್ ಸಲ್ಫೇಟ್ ಎಂದು ಬರೆದು ಮಾರ್ಕ್ಸ್ ತಗೊಂಡಿದ್ದೆ. ಲ್ಯಾಬಿನದು ಬೇರೆ, ಕೊಟ್ಟಿಗೆಯದು ಬೇರೆ ಎಂಬ ಹಾಗೆ ನನ್ನ ತಲೆಯೊಳಗೆ ಎರಡೂ ಬೇರೆ ಬೇರೆ ಕಪಾಟಿನಲ್ಲಿ ಕೂತಿದ್ದವು.

ಒಂದು ವಾರಕ್ಕೆ ಮೀಸೆಯವನು ಕಲ್ಲಿನ ಹಿಂದೆ ಮಗ್ಗುಲಾಗಿ ಬಿದ್ದಿದ್ದ. ಹಾವು ಪೊರೆ ಬಿಡುವ ಹಾಗೆ ಚಿಪ್ಪು ಕಳಚಿದ್ದಾನೆ ಎಂದುಕೊಂಡೆ. ಅಲ್ಲ, ಸತ್ತಿದ್ದ. ಆಮೇಲೆ ಬಸವನಹುಳುಗಳು ಗಾಜಿನಿಂದ ಕಳಚಿ ಬಿದ್ದವು, ಹವಳ ಮುಚ್ಚಿಕೊಂಡಿತು. ತಾಮ್ರ ಪರೀಕ್ಷೆ ಮಾಡುವ ಕಿಟ್ ತರಿಸಿ ನೋಡಿದೆ. ಕೊಳವೆಯ ನೀರು ಬಣ್ಣ ತಿರುಗಿತು.

ನಾನು ನೇರ ದೇವರ ಕೋಣೆಗೆ ಹೋಗಿ ತಂಬಿಗೆ ಎತ್ತಿಕೊಂಡು ಅಡುಗೆಮನೆಗೆ ಬಂದೆ. ಅತ್ತೆ, ಅಮ್ಮ ಇಬ್ಬರೂ ಇದ್ದರು, ಪಕ್ಕದ ಮನೆಯವರೊಬ್ಬರು ಮಜ್ಜಿಗೆಗೆ ಬಂದಿದ್ದರು.

"ಇದ್ರಲ್ಲಿ ಟ್ಯಾಂಕಿಗೆ ನೀರು ಹಾಕಿದ್ಯಾ ಅತ್ತೆ?"

"ಇಲ್ಲ ಕಣವ್ವ. ನೀನು ಬ್ಯಾಡ ಅಂದ್ಮೇಲೆ ಅದನ್ನ ಆ ರೂಮಿಗೇ ತಂದಿಲ್ಲ."

"ಮತ್ತೆ ತಾಮ್ರ ಮೋಡದಿಂದ ಉದುರ್ತಾ? ಪೂಜೆ ಮಾಡೋ ಕೈಯಲ್ಲೇ ಅದನ್ನ ಕೊಂದುಬುಟ್ಟೆ ನೀನು."

ಅತ್ತೆ ನನ್ನ ಕೈಯಿಂದ ತಂಬಿಗೆ ಇಸಕೊಂಡು, ಹುಣಸೆಹಣ್ಣು ಹಾಕಿ ತೊಳೆದು, ಅಟ್ಟದ ಮೇಲೆ ಬೋರಲು ಇಟ್ಟಳು. ಮಾರನೆಯ ದಿನ ಅವಳ ಪೂಜೆಗೆ ಸ್ಟೀಲಿನ ಚೊಂಬು ಬಂದಿತ್ತು.

ಅಷ್ಟಕ್ಕೇ ನಾನು ನಿಲ್ಲಿಸಲಿಲ್ಲ. ರೂಮಿಗೆ ಬೀಗ ಹಾಕಿದೆ. ನಮ್ಮ ಮನೆಯಲ್ಲಿ ಕಾಫಿ ಮೂಟೆಗಳಿದ್ದಾಗಲೂ ಆ ರೂಮಿಗೆ ಬೀಗ ಇರಲಿಲ್ಲ. ಬೀಗ ಹಾಕಿದ ಮೇಲೂ ತಾಮ್ರ ಇಳಿಯಲಿಲ್ಲ, ಏರಿತು. ಆಗಲಾದರೂ ಅನುಮಾನ ಬರಬೇಕಿತ್ತು. ಕಲ್ಲು, ಮರಳು ಹೀರಿಕೊಂಡದ್ದನ್ನು ಬಿಡುತ್ತಿದೆ ಎಂದು ನನಗೆ ನಾನೇ ವಿವರಣೆ ಕೊಟ್ಟುಕೊಂಡೆ, ನೋಟ್‌ಬುಕ್ಕಿನಲ್ಲೂ ಬರೆದೆ. ಟ್ಯಾಂಕನ್ನು ಉಳಿಸಬೇಕೆಂದು ನೀರು ಬದಲಿಸಿದೆ. ಹೊಸ ಉಪ್ಪುನೀರನ್ನೂ ಆ ಡ್ರಮ್ಮಿನಲ್ಲೇ ಕಲಸಿದೆ. ನಾಲ್ಕು ಹವಳದಲ್ಲಿ ಒಂದೊಂದೇ ಕರಗಿ ಬಿಳಿ ಕಲ್ಲು ಉಳಿಯಿತು. ಮೀನು ಎರಡು ಮಾತ್ರ ಈಜುತ್ತಿದ್ದವು.

ಮಳೆ ಬಿಡುವು ಕೊಟ್ಟಾಗ ಅಪ್ಪ ಎರಡನೇ ಸುತ್ತು ಬೋರ್ಡೋ ಹೊಡೆಯಲು ಡ್ರಮ್ ಹುಡುಕಿಕೊಂಡು ಬಂದ. ನನ್ನ ರೂಮಿನಲ್ಲಿ ಅದನ್ನು ಕಂಡು ಒಳಗೆ ಬಗ್ಗಿ ನೋಡಿದ.

"ಇದ್ರಾಗಾ ಮೀನಿಗೆ ನೀರು ಮಡಗ್ತಿದ್ದೆ?"

"ಮೂರು ಸಲ ತೊಳೆದಿದ್ದೆ ಅಪ್ಪ."

"ತೊಳೆದ್ರೆ ಹೋಗಕ್ಕೆ ಅದೇನು ಮಣ್ಣಾ? ಇಡೀ ಮಳೆಗಾಲ ಎಲೆ ಮೇಲೆ ಕೂತಿರ್ಲಿ ಅಂತ ತಾನೇ ಹೊಡೆಯೋದು. ತಾಮ್ರ ಕಣವ್ವ ಅದು."

ಕೊಟ್ಟಿಗೆಗೆ ಹೋಗಿ ತುತ್ತದ ಚೀಲ ನೋಡಿದೆ. ಮೇಲೆ ಇಂಗ್ಲಿಷಿನಲ್ಲಿ, ನನ್ನ ಅಂಗೈ ಅಗಲದ ಅಕ್ಷರದಲ್ಲಿ ಕಾಪರ್ ಎಂದೇ ಬರೆದಿತ್ತು. ಆ ಚೀಲದ ಮೇಲೆ ಕೂತು ನಾನು ಎಷ್ಟು ಸಲ ಮೊಬೈಲ್ ನೋಡಿದ್ದೇನೋ.

ಅತ್ತೆಗೆ ಹೇಳಲು ಐದು ದಿನ ಬೇಕಾಯಿತು. ಆ ಐದು ದಿನವೂ ಅವಳು ನನಗೆ ಊಟ ಬಡಿಸಿದಳು. ಆರನೆಯ ದಿನ ಹಿತ್ತಿಲ ಕಟ್ಟೆಯಲ್ಲಿ ಎಳೆ ಬಿದಿರಿನ ಕಳಲೆ ಹೆಚ್ಚುತ್ತಾ ಕೂತಿದ್ದಾಗ ಎದುರಿಗೆ ಹೋಗಿ ಕೂತೆ. ಡ್ರಮ್ಮಿನದು, ತುತ್ತದ್ದು, ಎಲ್ಲ ಹೇಳಿದೆ. ತಪ್ಪು ನನ್ನದು ಎಂದೆ. ಅವಳು ಕಳಲೆಯ ಬಿಲ್ಲೆಗಳನ್ನು ನೀರಿಗೆ ಹಾಕುತ್ತಲೇ ಇದ್ದಳು.

"ನಾನು ಹಾಕಿಲ್ಲ ಅಂದಿದ್ನಲ್ಲ."

"ಅಂದಿದ್ದೆ ಅತ್ತೆ."

"ಆವಾಗ್ಲೇ ನಂಬಿದ್ರೆ ಅವು ಬದುಕ್ತಿದ್ವಾ?"

ಇದಕ್ಕೆ ಸುಳ್ಳು ಹೇಳಬಹುದಿತ್ತು. ಆದರೆ ಲೆಕ್ಕ ನನಗೆ ಚೆನ್ನಾಗಿ ಗೊತ್ತಿತ್ತು. ಅವಳ ಮಾತು ನಂಬಿದ್ದರೆ, ತಾಮ್ರ ಬೇರೆ ಎಲ್ಲಿಂದ ಬಂತು ಎಂದು ಅವತ್ತೇ ಹುಡುಕುತ್ತಿದ್ದೆ. ಹುಡುಕಿದ್ದರೆ ಡ್ರಮ್ ಎರಡು ಮಾರು ದೂರದಲ್ಲಿತ್ತು.

"ಮೀಸೆಯವನು ಅಷ್ಟರಲ್ಲೇ ಹೋಗಿದ್ದ. ಹವಳ ಬದುಕ್ತಿತ್ತು," ಎಂದೆ.

"ಹಂಗಾದ್ರೆ ನಂಬಬೇಕಿತ್ತು," ಎಂದಳು. ಬೈಯಲಿಲ್ಲ. ಕಳಲೆಯ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಮರಳು, ಕಲ್ಲು ಎಲ್ಲ ಎಸೆದು ಟ್ಯಾಂಕನ್ನು ಮೊದಲಿನಿಂದ ಕಟ್ಟಿದೆ. ಬೀಗ ತೆಗೆದು ಬಿಸಾಡಿದೆ. ತಂಬಿಗೆಯನ್ನು ಅಟ್ಟದಿಂದ ನಾನೇ ಇಳಿಸಿ, ಬೆಳಗಿ, ದೇವರ ಮುಂದೆ ಇಟ್ಟೆ. ಸಂಜೆ ನೋಡಿದರೆ ಮತ್ತೆ ಅಟ್ಟದಲ್ಲಿತ್ತು. ಮಳೆಗಾಲ ಮುಗಿದ ಮೇಲೆ ಇನ್ನೊಂದು ಸಿಗಡಿ ತರಿಸಿದೆ, ಅದೇ ಜಾತಿ, ಅದೇ ಬಿಳಿ ಗೆರೆ. ಅದಕ್ಕೆ ಅತ್ತೆ ಇನ್ನೂ ಹೆಸರಿಟ್ಟಿಲ್ಲ. ಬೆಳಿಗ್ಗೆ ಪೂಜೆ ಮುಗಿಸಿ ಬರುತ್ತಾಳೆ, ಬಾಗಿಲ ತನಕ. ಊಟ ಹಾಕಿದ್ಯಾ ಅದಕ್ಕೆ ಎಂದು ಕೇಳುತ್ತಾಳೆ. ಹಾಕಿದ್ದೇನೆ, ಬಾ ಅತ್ತೆ, ಕೈ ಇಡು, ಏನೂ ಆಗಲ್ಲ ಎಂದು ದಿನಾ ಕರೆಯುತ್ತೇನೆ.

ಅವಳ ಎರಡು ಕೈಯೂ ಮೊಣಕೈವರೆಗೆ ತೊಳೆದು ಒದ್ದೆಯಾಗಿರುತ್ತದೆ. "ಬ್ಯಾಡ ಕಣವ್ವ, ವಿಭೂತಿ ಕೈ," ಎನ್ನುತ್ತಾಳೆ.