ಎಲೆ ಗುತ್ತೆಪ್ಪನ ಕರೆಂಟ್ ಸೈಕಲ್ಲು

ಸವಣೂರಿನ ಎಲೆತೋಟದಿಂದ ಯಲವಿಗಿ ಸ್ಟೇಷನ್ನಿಗೆ ವೀಳ್ಯದೆಲೆಯ ಬುಟ್ಟಿ ಸಾಗಿಸುತ್ತಲೇ ಗುತ್ತೆಪ್ಪ ಮುದುಕನಾದ. ಬೇರೆ ಕೆಲಸ ಮಾಡಲಿಲ್ಲ, ಬರುತ್ತಲೂ ಇರಲಿಲ್ಲ. ಹೆಂಡತಿ ಮಂಜವ್ವ ಅದೇ ತೋಟದಲ್ಲಿ ಎಲೆ ಕಟ್ಟುತ್ತಿದ್ದಳು. ಅವಳು ಕಟ್ಟಿದ್ದನ್ನು ಅವನು ಸೈಕಲ್ಲಿನ ಹಿಂದೆ ಎರಡೂ ಬದಿಗೆ ಇಳಿಬಿಟ್ಟು ಒಯ್ಯುತ್ತಿದ್ದ. ತೋಟದ ಧಣಿ ಬಸವೇಶನಿಗೆ ಬೇಕಾದದ್ದು ಒಂದೇ, ಬಿಸಿಲೇರುವ ಮೊದಲು ಎಲೆ ರೈಲು ಮುಟ್ಟಬೇಕು. ತಡವಾದ ಎಲೆ ಕಪ್ಪಾಗುತ್ತದೆ. ಕಪ್ಪಾದ ಎಲೆಯನ್ನು ಆಡು ತಿನ್ನಬೇಕು.

ಅವನು ಸೈಕಲ್ ಹತ್ತುವುದನ್ನು ಮಂಜವ್ವ ದಿನಾ ನೋಡುತ್ತಿದ್ದಳು. ಎಡಗಾಲು ಪೆಡಲ್ ಮೇಲೆ. ಬಲಗಾಲಿನಿಂದ ನೆಲ ಒದೆಯುತ್ತ ಕುಂಟಿಕೊಂಡು ಒಂದಿಷ್ಟು ದೂರ. ಸೈಕಲ್ ಓಟ ಹಿಡಿಯಿತು ಅಂದಾಗ ಬಲಗಾಲನ್ನು ಹಿಂದಿನಿಂದ ಬೀಸಿ ಸೀಟಿನ ಮೇಲೆ. ಈ ಕಡೆಯ ಗಂಡಸರು ಹತ್ತುವುದೇ ಹೀಗೆ. ಧೋತರ ಉಟ್ಟು ನಿಂತಲ್ಲೇ ಅಷ್ಟೆತ್ತರಕ್ಕೆ ಕಾಲು ಎತ್ತಲಾಗದು. ಓಟವೇ ಕಾಲನ್ನು ಎತ್ತಿ ಕೊಡಬೇಕು.

ಮೊಣಕಾಲು ಕೈಕೊಟ್ಟವು. ಎದುರುಗಾಳಿಗೆ ತುಳಿಯಲಾಗದೆ ಅವನು ಇಳಿದು ದೂಡಿಕೊಂಡು ಹೋಗತೊಡಗಿದ. ಬಸವೇಶ ಮೊದಲು ಸುಮ್ಮನಿದ್ದ, ಆಮೇಲೆ ಗೊಣಗಿದ. ಮಗಳು ಹೇಮಾ ಶಿಗ್ಗಾಂವಿಯಲ್ಲಿ ಬಟ್ಟೆ ಹೊಲಿಯುವ ಕಾರ್ಖಾನೆಗೆ ಹೋಗುವವಳು. ಅಪ್ಪ ಅವ್ವ ಇಬ್ಬರನ್ನೂ ಅಲ್ಲಿನ ಸೈಕಲ್ ಅಂಗಡಿಗೆ ಕರೆದುಕೊಂಡು ಹೋದಳು.

ಅಂಗಡಿಯ ಸಂಜಯ ಮೊದಲು ತೋರಿಸಿದ್ದು ಸೀಟಿಗೂ ಹ್ಯಾಂಡಲ್ಲಿಗೂ ನಡುವೆ ಡಂಡಿ ಇಲ್ಲದ ಕರೆಂಟ್ ಸೈಕಲ್ಲು.

"ಇದಕ್ಕ ಕಾಲು ಎತ್ತೂದ ಬ್ಯಾಡ ಕಾಕಾ. ಹೊಸ್ತಿಲ ದಾಟಿದಂಗ ದಾಟಿ ಕುಂಡ್ರೂದು."

"ಇದು ಹೆಣ್ಮಕ್ಕಳ ಸೈಕಲ್ಲು."

"ಕರೆಂಟಿಗೆ ಗಂಡು ಹೆಣ್ಣು ಇಲ್ರಿ."

"ಬುಟ್ಟಿ ಹೇರಿದ್ರ ತಡೀತೈತೇನು?"

ಸಂಜಯ ತಲೆ ಕೆರೆದುಕೊಂಡ. "ಭಾಳ ಹೇರಿದ್ರ ನಡಾ ಬಳಕತೈತ್ರಿ."

"ಮತ್ತ ಡಂಡಿ ಇದ್ದದ್ದು ಕೊಡು. ನಡಾ ಬಳಕಸಾಕ ನಾ ಏನು ಕುಣ್ಯಾಕ ಹೊಂಟೇನಿ?"

ಎಲ್ಲರೂ ನಕ್ಕರು. ಸಂಜಯ ಹೇಳಿಕೊಟ್ಟ. ಪೆಡಲ್ ಒತ್ತಿದರೆ ಮೋಟರು ತಾನೇ ನೂಕುತ್ತದೆ. ಅದಕ್ಕೇ ಮೊದಲು ಸೀಟಿನ ಮೇಲೆ ಕೂರಬೇಕು, ಆಮೇಲೆ ಬಟನ್ ಒತ್ತಬೇಕು. "ಬಟನ್ ಮೊದಲ ಒತ್ತಿ ಪೆಡಲ್ ಮ್ಯಾಲ ಕಾಲಿಟ್ರೆಂದ್ರ, ಗಾಡಿ ನಿಮ್ಮನ್ನ ಬಿಟ್ಟು ಹೊಕ್ಕೈತಿ ಕಾಕಾ." ಅದಕ್ಕೂ ನಕ್ಕರು.

ಸೈಕಲ್ ಒಳ್ಳೆಯದಿತ್ತು. ಅದನ್ನು ಇಲ್ಲ ಅನ್ನಬಾರದು. ಗಾಳಿ ಎದುರಾದರೂ ಗುತ್ತೆಪ್ಪ ಇಳಿಯಲಿಲ್ಲ. ಮನೆಗೆ ಬಂದವನು ಮೊಣಕಾಲಿಗೆ ಎಣ್ಣೆ ತಿಕ್ಕು ಅನ್ನುವುದನ್ನು ಬಿಟ್ಟ. ರೊಟ್ಟಿ ಹೆಚ್ಚು ತಿಂದ. ಬಸವೇಶನ ಗೊಣಗಾಟ ನಿಂತಿತು. ಮನೆ ಮುಂದೆ ಕಟ್ಟೆ, ತೋಟದಲ್ಲಿ ಕಟ್ಟೆ, ಸ್ಟೇಷನ್ನಿನಲ್ಲೂ ಕಟ್ಟೆ. ಕಟ್ಟೆಯ ಮೇಲೆ ನಿಂತು ಮೆಲ್ಲಗೆ ಕಾಲು ಹಾಯಿಸಿ ಕೂತು, ಆಮೇಲೆ ಬಟನ್ ಒತ್ತುತ್ತಿದ್ದ. ಮರೆಯುತ್ತಿರಲಿಲ್ಲ.

ನಡುದಾರಿಯಲ್ಲಿ ಕಟ್ಟೆ ಇರುವುದಿಲ್ಲ.

ಆ ದಿನ ಯಲವಿಗಿಯ ರೈಲ್ವೆ ಗೇಟು ಹಾಕಿತ್ತು. ಗುತ್ತೆಪ್ಪ ಇಳಿದು ನಿಂತ. ಅವನ ಹಿಂದೆ ಜೊತೆಯ ಎಲೆ ಹೊರುವವ ಶಂಕ್ರಪ್ಪ, ಹಳೇ ಸೈಕಲ್ಲಿನ ಮೇಲೆ. ರೈಲು ಹಾಯಿತು, ಗೇಟು ಎದ್ದಿತು. ಹಿಂದಿನಿಂದ ಟ್ರ್ಯಾಕ್ಟರಿನವನು ಹಾರ್ನ್ ಹೊಡೆದ. "ಏ ಮುದಕಾ, ಸರಿಯೋ!" ಅಂದ. ಗುತ್ತೆಪ್ಪನ ಎಡಗಾಲು ಪೆಡಲ್ ಮೇಲೆ ಹೋಯಿತು. ಬಟನ್ ಆರಿಸಿರಲಿಲ್ಲ. ಕುಂಟಿಕೊಂಡು ಓಡಲು ಬಲಗಾಲು ಎತ್ತಿದ್ದೇ ತಡ, ಸೈಕಲ್ ಜಿಗಿಯಿತು. ಅವನು ಹ್ಯಾಂಡಲ್ ಬಿಡಲಿಲ್ಲ, ಅದು ಅವನನ್ನು ಎಳೆದುಕೊಂಡು ಹೋಯಿತು. ಹಳಿಯ ಪಕ್ಕದ ಕಲ್ಲಿಗೆ ಸೊಂಟ ಬಡಿಯಿತು.

ಹುಬ್ಬಳ್ಳಿಗೆ ಒಯ್ದರು. ರಾಡು ಹಾಕಿದರು. ಹಾಸಿಗೆ ಬಿಟ್ಟು ಏಳಲಿಲ್ಲ. ಬೆನ್ನು ಹುಣ್ಣಾಯಿತು, ಎದೆಯಲ್ಲಿ ಕಫ ಕಟ್ಟಿತು. ಮಂಜವ್ವ ಅವನ ಬಾಯಿಗೆ ಗಂಜಿ ಹಾಕಿದಳು, ಅವನ ಹೇಲು ಬಳಿದಳು. ಮಳೆಗಾಲ ಮುಗಿಯುವ ಮೊದಲು ಸತ್ತ.

ಮಣ್ಣು ಕೊಟ್ಟು ಬಂದವರು ಅಂಗಳದಲ್ಲೇ ಮಾತಾಡಿದರು. ಮಗಳು ಮಷೀನು ತಂದು ಅಪ್ಪನನ್ನು ಕೊಂದಳು ಅಂದರು. ಹೇಮಾ ಕೇಳಿಸಿಕೊಂಡಳು. ಸೈಕಲ್ಲಿನ ಕಡೆ ನೋಡದೆ ಶಿಗ್ಗಾಂವಿಗೆ ಹೋದಳು. ಆಮೇಲೆ ಫೋನಿನಲ್ಲಿ ಊಟ ಆಯ್ತೇನವ್ವ ಅನ್ನುವಳು, ಅಷ್ಟೇ.

ಸುಗ್ಗಿಯ ಹೊತ್ತಿಗೆ ಶಂಕ್ರಪ್ಪ ಬಂದ. ಕಟ್ಟೆಯ ಮೇಲೆ ಕುಂತು ಮೊಣಕಾಲು ಒತ್ತಿಕೊಂಡ.

"ಬಸವೇಶ ಧಣಿ ಮೋಟರ್ ಬೈಕಿನ ಹುಡುಗನ್ನ ನೋಡಾಕತ್ತಾನ, ತಂಗಿ. ಈ ವಾರದಾಗ ನಾ ಜಲ್ದಿ ಮುಟ್ಟಲಿಲ್ಲಂದ್ರ ನನ್ನ ಬಿಡಸ್ತಾನ. ಆ ಸೈಕಲ್ ಸುಮ್ಮನ ನಿಂತೈತಲ್ಲ."

ಮಂಜವ್ವ ಅವನ ಮುಖ ನೋಡಿದಳು. "ಬಿದ್ದದ್ದನ್ನ ಕಣ್ಣಾರೆ ನೋಡಿದವ ನೀನು."

"ಅದಕ್ಕ ಕೇಳಾಕತ್ತೇನಿ. ಅವ ಹೆಂಗ ಬಿದ್ದ ಅನ್ನೂದು ನನಗ ಗೊತ್ತೈತಿ. ನಾ ಹಂಗ ಹತ್ತೂದಿಲ್ಲ."

ಅವಳು ಬ್ಯಾಟರಿ ಚಾರ್ಜಿಗೆ ಹಾಕಿದಳು. ಮರುದಿನ ಬಾ ಅಂದಳು.

ಬಂದ. ಕಟ್ಟೆಯಿಂದ ಹತ್ತಿದ, ಕೂತ, ಬಟನ್ ಒತ್ತಿದ. ಓಣಿಯ ತುದಿಯವರೆಗೆ ಹೋಗಿ ತಿರುಗಿ ಬಂದ. ಮುಖದ ಸುಕ್ಕೆಲ್ಲ ಬಿಚ್ಚಿತ್ತು. "ಹೂವ ಎತ್ತಿದಂಗ ಐತಲ್ಲೇ! ಗುತ್ತ್ಯಾ ಮಗ ಇಷ್ಟು ಸುಖಾ ಉಂಡು ನನಗ ಹೇಳಿರಲಿಲ್ಲ ನೋಡು!"

"ಇಳಿ," ಅಂದಳು ಮಂಜವ್ವ. "ಕಟ್ಟಿ ಬಿಟ್ಟು ಅಲ್ಲಿ ನಡುದಾರ್ಯಾಗ ನಿಲ್ಲು. ಗೇಟ್ ತಗದಾರ. ಹಿಂದ ಟ್ಯಾಕ್ಟರ್ ಐತಿ. ಹತ್ತು."

ಶಂಕ್ರಪ್ಪ ಬಲಗಾಲು ಎತ್ತಿದ. ಡಂಡಿಯವರೆಗೆ ಬರಲಿಲ್ಲ. ಸೈಕಲ್ಲನ್ನು ಮೈಗೆ ವಾಲಿಸಿಕೊಂಡು ಮತ್ತೆ ಎತ್ತಿದ. ಮೊಣಕಾಲು ಮಡಚಲಾಗಲಿಲ್ಲ, ಧೋತರ ಸಿಕ್ಕಿಕೊಂಡಿತು. ಬೆವತ. ಪಕ್ಕದ ಮನೆಯ ಹೆಂಗಸರು ಬಾಗಿಲಿಗೆ ಬಂದರು.

"ಏನೋ ಅಣ್ಣಾ, ಕುದರಿ ಪಳಗಸಾಕತ್ತೀಯೇನು?" ಅಂದಳು ಒಬ್ಬಳು.

ಅವನಿಗೆ ನಾಚಿಕೆಯಾಯಿತು. ಎಡಗಾಲು ಪೆಡಲ್ ಮೇಲೆ ಇಟ್ಟ. ಅವನು ಇಟ್ಟದ್ದಲ್ಲ, ಅದೇ ಹೋಯಿತು. ಮಂಜವ್ವ ಹಿಂದಿನಿಂದ ಕ್ಯಾರಿಯರ್ ಹಿಡಿದೇ ಇದ್ದಳು. ಸೈಕಲ್ ಜಿಗಿದಾಗ ಅವಳ ತೋಳು ಕಿತ್ತು ಬಂದಂತಾಯಿತು, ಬಿಡಲಿಲ್ಲ. ಶಂಕ್ರಪ್ಪನ ಮೊಣಕೈ ಗೋಡೆಗೆ ಉಜ್ಜಿ ಚರ್ಮ ಹೋಯಿತು.

ಗಂಡ ಹೇಗೆ ಬಿದ್ದ ಅನ್ನುವುದು ಅವಳಿಗೆ ಆಗ ಕಂಡಿತು. ಕಾಲು ಎತ್ತಲು ಬರುವವನಿಗೆ ಈ ಸೈಕಲ್ ಬೇಕಾಗಿಲ್ಲ. ಬೇಕಾದವನಿಗೆ ಓಡದೆ ಹತ್ತಲು ಬರುವುದಿಲ್ಲ. ಹೇಮಾ ಕೊಂದದ್ದಲ್ಲ. ಈ ಸೈಕಲ್ ಮಾಡಿದವರು ಒಬ್ಬೇ ಒಬ್ಬ ಮುದುಕ ಸೈಕಲ್ ಹತ್ತುವುದನ್ನೂ ನಿಂತು ನೋಡಿಲ್ಲ.

"ಬಟನ್ ಆರಿಸೂದು ಮರತೆ," ಅಂದ ಶಂಕ್ರಪ್ಪ. "ಇನ್ನ ಮರಿಯೂದಿಲ್ಲ."

"ಗೇಟ್ ತಗದಾಗ ನೆನಪಿರ್ತೈತೇನು?"

"ಇರ್ತೈತಿ."

"ಅವಗೂ ಇತ್ತು."

ಅವಳು ಸಂಜಯನಿಗೆ ಫೋನ್ ಹಚ್ಚಿ ಕೇಳಿದಳು. ಇದಕ್ಕೆ ಬದಲಿ ಡಂಡಿ ಇಲ್ಲದ್ದನ್ನು ಕೊಡುತ್ತೇನೆ ಅಂದ. ಆದರೆ ಎರಡೂ ಕಡೆ ತುಂಬಿದ ಬುಟ್ಟಿ ಹೇರಬ್ಯಾಡ್ರಿ, ನಾ ಜವಾಬ್ದಾರಿ ಅಲ್ಲ ಅಂದ.

"ಬುಟ್ಟಿ ಬಿಟ್ಟು ನಾ ಯಲವಿಗಿಗೆ ಏನು ಗಾಳಿ ತಿನ್ನಾಕ ಹೋಗ್ಲಿ?" ಶಂಕ್ರಪ್ಪನಿಗೆ ಸಿಟ್ಟು ಬಂತು. "ಕೊಡೂದಿದ್ರ ಇದನ್ನ ಕೊಡು. ಸತ್ರ ನಾ ಸಾಯ್ತೇನಿ. ನಿನಗೇನು?"

"ಕೊಡೂದಿಲ್ಲ."

"ಗುತ್ತೆಪ್ಪ ಇದ್ದಿದ್ರ ಕೊಡ್ತಿದ್ದ."

"ಹೌದು. ಅವ ಕೊಡ್ತಿದ್ದ."

ಅವನು ಧೋತರದ ಚುಂಗಿನಿಂದ ರಕ್ತ ಒರೆಸಿಕೊಂಡು ಹೋದ. ಆ ವಾರವೇ ಬಸವೇಶ ಅವನನ್ನು ಬಿಡಿಸಿ ಎಲೆ ಸಾಗಿಸಲು ಮೋಟರ್ ಬೈಕಿನವನನ್ನು ಹಚ್ಚಿದ. ಮಂಜವ್ವ ಮಗಳಿಗೆ ಫೋನ್ ಮಾಡಿ ಕಂಡದ್ದನ್ನೆಲ್ಲ ಹೇಳಿದಳು. ನಿನ್ನದು ತಪ್ಪಿಲ್ಲ ಅಂದಳು. ಹೇಮಾ ಅತ್ತಳು. "ನಾ ಡಂಡಿ ಇಲ್ಲದ್ದನ್ನ ತೊಗೋ ಅಂತ ಜೋರ್ ಮಾಡಬೇಕಿತ್ತವ್ವ," ಅಂದಳು. ಹೇಳಿದ್ದರಿಂದ ಏನೂ ಹಗುರಾಗಲಿಲ್ಲ.

ನಳದ ಹತ್ತಿರ ಶಂಕ್ರಪ್ಪನ ಹೆಂಡತಿ ದುರ್ಗವ್ವ ಸಿಕ್ಕಳು. ಕೊಡ ಕೆಳಗಿಟ್ಟು ಎಲ್ಲರೆದುರೇ ಬೈದಳು.

"ನಿನ್ನ ಗಂಡ ಹೋದಾಂತ ನನ್ನ ಗಂಡನ ಅನ್ನಕ್ಕ ಮಣ್ಣ ಹಾಕಿದಿ."

"ನಿನ್ನ ಗಂಡ ಜೀವಂತ ಅದಾನವ್ವ."

"ಜೀವಂತ! ಮುಂಜಾನಿಂದ ಸಂಜಿತನಕ ಗ್ವಾಡಿ ನೋಡ್ಕೋತ ಕುಂಡ್ರತಾನ. ಮಾತಾಡ್ಸಿದ್ರ ಹೊಡ್ಯಾಕ ಬರ್ತಾನ. ಬಾ, ಬಂದು ನೋಡು, ನೀ ಉಳಿಸಿದ ಜೀವ ಹೆಂಗೈತಿ ಅಂತ."

ಮಂಜವ್ವ ಕೊಡ ತುಂಬಿಕೊಂಡಳು. ಮನೆಗೆ ಹೋಗಲಿಲ್ಲ. ದುರ್ಗವ್ವನ ಹಿಂದೆ ಹಿಂದೆ ಅವಳ ಮನೆಯವರೆಗೆ ನಡೆದು ಬಾಗಿಲಲ್ಲಿ ನಿಂತಳು. ಶಂಕ್ರಪ್ಪ ಕುಂತಿದ್ದ. ಅವಳನ್ನು ನೋಡಿ ಮುಖ ಗೋಡೆಗೆ ತಿರುಗಿಸಿದ. ಅವನ ಬೆನ್ನು ಉಸಿರಿಗೆ ಏರಿ ಇಳಿಯುತ್ತಿತ್ತು. ಅವಳು ಅದನ್ನು ನೋಡುತ್ತಾ ನಿಂತಳು. ಆಮೇಲೆ ಕೊಡ ಮನೆಯಲ್ಲಿಟ್ಟು ತೋಟಕ್ಕೆ ಹೋದಳು, ಎಲೆ ಕಟ್ಟುವುದಿತ್ತು.